ಡ್ರಾಯಿಂಗ್ ಓದುವ ಹಾಗೆ ಟೆಂಡರ್ ಓದಿ

(ಹುಬ್ಬಳ್ಳಿಯಲ್ಲಿ ಸಣ್ಣ ಕೈಗಾರಿಕೋದ್ಯಮಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಲೇತ್ ಮುಂದೆ ನಿಂತ ಟರ್ನರ್ ಕೈಗೆ ಹೊಸ ಜಾಬ್ ಬಂದಾಗ ಅವನು ಮೊದಲು ಏನು ಮಾಡುತ್ತಾನೆಂಬುದನ್ನು ನೀವೆಲ್ಲರೂ ದಿನಾಲೂ ನೋಡುತ್ತೀರಿ. ಅವನು ಲೋಹವನ್ನು ಮುಟ್ಟುವುದಿಲ್ಲ. ಡ್ರಾಯಿಂಗನ್ನು ಬೆಳಕಿಗೆ ಹಿಡಿಯುತ್ತಾನೆ. ವ್ಯಾಸ ಎಷ್ಟು, ಟಾಲರೆನ್ಸ್ ಎಷ್ಟು, ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುವ ಟಿಪ್ಪಣಿ ಏನು ಹೇಳುತ್ತದೆ ಎಂಬುದನ್ನೆಲ್ಲ ನೋಡಿಕೊಂಡ ಮೇಲೆಯೇ ಅವನು ಚಕ್ ಬಿಗಿಯುವುದು. ಆದರೆ ಅದೇ ಕಾರ್ಖಾನೆಯ ಮಾಲೀಕರ ಕೈಗೆ ಟೆಂಡರ್ ದಾಖಲೆ ಬಂದಾಗ ಅವರು ನೇರವಾಗಿ ಕೊನೆಯ ಪುಟಕ್ಕೆ, ಅಂದರೆ ದರಪಟ್ಟಿಗೆ ಹೋಗುತ್ತಾರೆ. ಈ ಒಂದು ಅಭ್ಯಾಸದ ಬಗ್ಗೆಯೇ ನಾನು ಇಂದು ಮಾತನಾಡಬೇಕೆಂದು ಬಂದಿದ್ದೇನೆ, ಏಕೆಂದರೆ ಸಣ್ಣ ಉದ್ದಿಮೆಗಳು ಸರ್ಕಾರಿ ಗುತ್ತಿಗೆ ಕಳೆದುಕೊಳ್ಳುವುದು ಬಹುಪಾಲು ದರದಲ್ಲಿ ಅಲ್ಲ, ದರದ ಲಕೋಟೆ ತೆರೆಯುವುದಕ್ಕೂ ಮೊದಲು, ಕಾಗದಪತ್ರ ಪರಿಶೀಲಿಸುವ ತಾಂತ್ರಿಕ ಹಂತದಲ್ಲಿಯೇ.

ಇದನ್ನು ನಾನು ಮೇಜಿನ ಎರಡೂ ಬದಿಯಿಂದ ನೋಡಿದ್ದೇನೆ. ಒಂದು ಸಾರ್ವಜನಿಕ ಉದ್ದಿಮೆಯ ಖರೀದಿ ವಿಭಾಗದಲ್ಲಿ ಹದಿನಾರು ವರ್ಷ ಬಿಡ್‌ಗಳನ್ನು, ಅಂದರೆ ಟೆಂಡರ್‌ಗೆ ಬಂದ ಕೊಡುಗೆಗಳನ್ನು, ತೆರೆಯುವ ಕೆಲಸ ಮಾಡಿದೆ. ಆಮೇಲೆ ಅವೇ ಬಿಡ್‌ಗಳನ್ನು ಸಿದ್ಧಪಡಿಸುವ ಸಣ್ಣ ಘಟಕಗಳ ಜೊತೆ ಕುಳಿತುಕೊಳ್ಳತೊಡಗಿದೆ. ಖರೀದಿ ವಿಭಾಗದಲ್ಲಿದ್ದಾಗಿನ ಒಂದು ಮಧ್ಯಾಹ್ನ ಇನ್ನೂ ಕಣ್ಣ ಮುಂದಿದೆ. ವಾಲ್ವ್ ಸರಬರಾಜಿನ ಟೆಂಡರ್. ಒಂಬತ್ತು ಬಿಡ್ ಬಂದಿದ್ದವು. ಅವುಗಳಲ್ಲಿ ಒಬ್ಬರ ಮಾದರಿಯನ್ನು ನಮ್ಮ ಎಂಜಿನಿಯರ್ ಕೈಯಲ್ಲಿ ಹಿಡಿದು, ಸೀಟಿನ ಮೇಲೆ ಬೆರಳಾಡಿಸಿ, ಇದಕ್ಕಿಂತ ಚೆನ್ನಾಗಿ ಯಾರೂ ಮಾಡಿಲ್ಲ ಎಂದಿದ್ದರು. ಆದರೆ ಅವರು ಸಲ್ಲಿಸಿದ್ದ ವಹಿವಾಟಿನ ಪ್ರಮಾಣಪತ್ರದಲ್ಲಿ ಲೆಕ್ಕಪರಿಶೋಧಕರ ಸಹಿ ಇತ್ತು, ಮೊಹರು ಇತ್ತು, ಪ್ರಮಾಣಪತ್ರ ಅಸಲಿಯೇ ಎಂದು ಪರಿಶೀಲಿಸಲು ನೆರವಾಗುವ ಯುಡಿಐಎನ್ ಸಂಖ್ಯೆ ಇರಲಿಲ್ಲ. ಲೆಕ್ಕಪರಿಶೋಧಕರು ಕೊಡುವ ಪ್ರಮಾಣಪತ್ರಗಳಿಗೆ 2019ರಿಂದ ಆ ಸಂಖ್ಯೆ ಕಡ್ಡಾಯ. ಟೆಂಡರ್‌ನಲ್ಲಿಯೂ ಅದನ್ನು ಸ್ಪಷ್ಟವಾಗಿ ಕೇಳಲಾಗಿತ್ತು. ಸಮಿತಿ ಆ ಬಿಡ್ಡನ್ನು ತಾಂತ್ರಿಕ ಹಂತದಲ್ಲಿಯೇ ಬದಿಗಿಟ್ಟಿತು. ಅವರು ಎಷ್ಟು ದರ ನಮೂದಿಸಿದ್ದರೆಂದು ನಮಗೆ ಯಾರಿಗೂ ಗೊತ್ತಾಗಲೇ ಇಲ್ಲ. ಅವರು ಮಾತ್ರ ತಮ್ಮ ದರ ಹೆಚ್ಚಾಯಿತೆಂದು ತಿಳಿದುಕೊಂಡು ಮುಂದಿನ ಟೆಂಡರ್‌ಗೆ ದರ ಇಳಿಸಿದರು. ರೋಗ ಒಂದು ಕಡೆ, ಮದ್ದು ಇನ್ನೊಂದು ಕಡೆ.

ಎಲ್ಲಿಂದ ಆರಂಭಿಸಬೇಕು ಎಂದು ಕೇಳುವವರಿಗೆ ನಾನು ಈ ಊರನ್ನೇ ತೋರಿಸುತ್ತೇನೆ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಮತ್ತು ಹಳೆಯ ಕಾರ್ಯಾಗಾರ ಇಲ್ಲಿಯೇ ಇವೆ. ವಿದ್ಯುತ್ ಸರಬರಾಜು ಕಂಪನಿ ಹೆಸ್ಕಾಂನ ಕೇಂದ್ರ ಕಚೇರಿ ಇಲ್ಲಿದೆ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿಯೂ ಇಲ್ಲಿದೆ. ಗೋಕುಲ ರಸ್ತೆಯ ಶೆಡ್‌ಗಳಿಂದ ಈ ಮೂರು ಕಚೇರಿಗಳಿಗೂ ಊಟದ ಬಿಡುವಿನಲ್ಲಿ ಹೋಗಿ ಬರಬಹುದು. ಆದರೂ ಈ ಮೂರರ ಬಾಗಿಲುಗಳು ಬೇರೆ ಬೇರೆ, ಮತ್ತು ಎಡವುವುದು ಇಲ್ಲಿಯೇ. ರೈಲ್ವೆಯದು ಕೇಂದ್ರ ಸರ್ಕಾರದ ಬಾಗಿಲು: ಐಆರ್‌ಇಪಿಎಸ್ ಎಂಬ ಅದರದೇ ಜಾಲತಾಣ, ಅದರ ಜೊತೆಗೆ 2016ರಲ್ಲಿ ಆರಂಭವಾದ, ಸರ್ಕಾರಿ ಖರೀದಿಯ ಜೆಮ್ ಮಾರುಕಟ್ಟೆ ತಾಣ. ಹೆಸ್ಕಾಂ ಮತ್ತು ಸಾರಿಗೆ ಸಂಸ್ಥೆ ರಾಜ್ಯಕ್ಕೆ ಸೇರಿದವು. ಅಲ್ಲಿ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, ಅಂದರೆ ನಾವು ಕೆಟಿಪಿಪಿ ಎಂದು ಕರೆಯುವ 1999ರ ಕಾಯ್ದೆ ನಡೆಯುತ್ತದೆ, ಬಿಡ್ ಸಲ್ಲಿಸಬೇಕಾದದ್ದು ಕೆಪಿಪಿಪಿ ಎಂಬ ರಾಜ್ಯದ ಖರೀದಿ ತಾಣದಲ್ಲಿ. ಒಂದು ಬಾಗಿಲಲ್ಲಿ ಸಿಗುವ ರಿಯಾಯಿತಿ ಇನ್ನೊಂದು ಬಾಗಿಲಲ್ಲಿಯೂ ತಾನಾಗಿ ಸಿಗುತ್ತದೆಂದು ಭಾವಿಸಿ ಠೇವಣಿ ಕಟ್ಟದೆ ಬಿಡ್ ಹಾಕಿ ತಿರಸ್ಕೃತರಾದವರನ್ನು ನಾನು ಒಬ್ಬಿಬ್ಬರಲ್ಲ, ಹಲವರನ್ನು ನೋಡಿದ್ದೇನೆ.

ಹಾಗಾದರೆ ಕೇಂದ್ರದ ರಿಯಾಯಿತಿ ನಿಜವಾಗಿ ಏನು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. 2006ರ ಎಂಎಸ್‌ಎಂಇ, ಅಂದರೆ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯ ಅಡಿಯಲ್ಲಿ 2012ರಲ್ಲಿ ಸಾರ್ವಜನಿಕ ಖರೀದಿ ನೀತಿಯ ಆದೇಶ ಹೊರಬಂತು. ಕೇಂದ್ರದ ಸಚಿವಾಲಯಗಳು, ಇಲಾಖೆಗಳು ಮತ್ತು ಸಾರ್ವಜನಿಕ ಉದ್ದಿಮೆಗಳು ತಮ್ಮ ವಾರ್ಷಿಕ ಖರೀದಿಯಲ್ಲಿ ಕನಿಷ್ಠ ಶೇ. 20ರಷ್ಟನ್ನು ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಂದ ಕೊಳ್ಳಬೇಕೆಂಬುದು 2015ರ ಏಪ್ರಿಲ್‌ನಿಂದ ಕಡ್ಡಾಯವಾಯಿತು. 2018ರಲ್ಲಿ ಆ ಪ್ರಮಾಣವನ್ನು ಶೇ. 25ಕ್ಕೆ ಏರಿಸಲಾಯಿತು. ಅದರೊಳಗೆ ಶೇ. 4 ಪರಿಶಿಷ್ಟ ಜಾತಿ ಮತ್ತು ಪಂಗಡದ ಉದ್ಯಮಿಗಳಿಗೆ, ಶೇ. 3 ಮಹಿಳಾ ಉದ್ಯಮಿಗಳಿಗೆ ಮೀಸಲು. 358 ವಸ್ತುಗಳನ್ನು ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಂದ ಮಾತ್ರ ಕೊಳ್ಳಬೇಕು. ಟೆಂಡರ್ ದಾಖಲೆಗೆ ಶುಲ್ಕವಿಲ್ಲ, ಬಿಡ್ ಜೊತೆ ಇಡುವ ಠೇವಣಿ, ಅಂದರೆ ಇಎಂಡಿ ಕಟ್ಟಬೇಕಾಗಿಲ್ಲ.

ಈ ನೀತಿಯಲ್ಲಿ ಎಲ್ಲರೂ ಕೇಳಿರುವ, ಆದರೆ ಕೆಲವರೇ ಲೆಕ್ಕ ಹಾಕಿ ನೋಡಿರುವ ಒಂದು ಅಂಶವಿದೆ. ಸಾವಿರ ಬ್ರ್ಯಾಕೆಟ್‌ಗಳ ಟೆಂಡರ್ ಎಂದುಕೊಳ್ಳಿ. ದೊಡ್ಡ ಕಂಪನಿಯೊಂದು ನಗಕ್ಕೆ 400 ರೂಪಾಯಿ ನಮೂದಿಸಿ ಕನಿಷ್ಠ ದರದವರಾಗಿ, ನಮ್ಮ ಮಾತಿನಲ್ಲಿ ಎಲ್‌ಒನ್ ಆಗಿ ಬಂತು. ನೀವು 452 ನಮೂದಿಸಿದ್ದೀರಿ. ಕನಿಷ್ಠ ದರದ ಮೇಲೆ ಶೇ. 15ರೊಳಗೆ, ಅಂದರೆ 460ರೊಳಗೆ ನೀವಿರುವುದರಿಂದ ನಿಮ್ಮನ್ನು ಕರೆದು 400ಕ್ಕೆ ಒಪ್ಪುತ್ತೀರಾ ಎಂದು ಕೇಳುತ್ತಾರೆ. ಒಪ್ಪಿದರೆ ಕನಿಷ್ಠ ಕಾಲು ಭಾಗ, ಅಂದರೆ 250 ನಗಗಳ ಆದೇಶ ಅರ್ಹ ಸಣ್ಣ ಘಟಕಗಳಿಗೆ ಸಿಗಬೇಕು. ನಿಮ್ಮಂಥವರು ಇಬ್ಬರು ಮೂವರಿದ್ದರೆ ಅದನ್ನು ಹಂಚಿಕೊಳ್ಳಬೇಕಾಗುತ್ತದೆ. ವಸ್ತು ಭಾಗ ಮಾಡಲಾಗದಂಥದ್ದಾದರೆ ಪೂರ್ತಿ ಆದೇಶವನ್ನೇ ಸಣ್ಣ ಘಟಕಕ್ಕೆ ಕೊಡುವ ಅವಕಾಶವೂ ಇದೆ. ಕೇಳಲು ಚೆನ್ನಾಗಿದೆ. ಆದರೆ ನಿಮ್ಮ ತಯಾರಿಕಾ ವೆಚ್ಚವೇ 410 ಆಗಿದ್ದರೆ ನೀವು ಸಂತೋಷದಿಂದ ಸಹಿ ಹಾಕಿದ ಆ ಆದೇಶ 2,500 ರೂಪಾಯಿ ನಷ್ಟದ ಆದೇಶ. ಆದ್ದರಿಂದ ದರ ನಮೂದಿಸುವ ಮೊದಲೇ ಯಾವ ಬೆಲೆಯ ಕೆಳಗೆ ಎಂದಿಗೂ ಒಪ್ಪುವುದಿಲ್ಲ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮೇಜಿನ ಖಾನೆಯಲ್ಲಿ ಇಟ್ಟುಕೊಳ್ಳಿ. ಖರೀದಿ ಕಚೇರಿಯಿಂದ ಕರೆ ಬಂದ ಸಂಭ್ರಮದಲ್ಲಿ ಮಾಡಿದ ಲೆಕ್ಕ ಸರಿಯಿರುವುದಿಲ್ಲ. ಇನ್ನೊಂದು ವಿಷಯ: ಎಲ್‌ಒನ್ ಆಗಿ ಬಂದವರೇ ಸಣ್ಣ ಘಟಕದವರಾಗಿದ್ದರೆ ಈ ಹೊಂದಾಣಿಕೆಯ ಪ್ರಶ್ನೆಯೇ ಏಳುವುದಿಲ್ಲ.

ಈ ನೀತಿಗೆ ಗಡಿಗಳೂ ಇವೆ. ಕೊಂಡು ಮಾರುವ ವ್ಯಾಪಾರಿಗಳಿಗೆ ಇದು ಅನ್ವಯಿಸುವುದಿಲ್ಲ. ಕಟ್ಟಡ, ರಸ್ತೆಯಂಥ ಕಾಮಗಾರಿ ಗುತ್ತಿಗೆಗಳು ಇದರೊಳಗೆ ಬರುವುದಿಲ್ಲ. ಇಎಂಡಿ ವಿನಾಯಿತಿ ಇದೆಯೇ ಹೊರತು, ಆದೇಶ ಸಿಕ್ಕ ಮೇಲೆ ಕಟ್ಟಬೇಕಾದ ಕಾರ್ಯನಿರ್ವಹಣಾ ಭದ್ರತಾ ಠೇವಣಿಗೆ ವಿನಾಯಿತಿ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮಧ್ಯಮ ಉದ್ದಿಮೆ ಈ ನೀತಿಯ ಹೊರಗಿದೆ. ಈ ಕಾರಣಕ್ಕೇ ಬೆಳೆಯಲು ಹೆದರುವವರನ್ನು, ಹೊಸ ಯಂತ್ರವನ್ನು ಬೇರೆ ಹೆಸರಿನಲ್ಲಿ ಹಾಕಿಸುವವರನ್ನು ನಾನು ಕಂಡಿದ್ದೇನೆ, ಮತ್ತು ಅದು ನನಗೆ ನೋವು ಕೊಟ್ಟಿದೆ. 2025ರ ಏಪ್ರಿಲ್‌ನಿಂದ ಮಿತಿಗಳು ಏರಿವೆ: ಹೂಡಿಕೆ 25 ಕೋಟಿ ಮತ್ತು ವಹಿವಾಟು 100 ಕೋಟಿ ರೂಪಾಯಿ ಮೀರದವರೆಗೆ ನೀವು ಸಣ್ಣ ಉದ್ದಿಮೆಯೇ. ಈ ಸಭಾಂಗಣದಲ್ಲಿ ಕುಳಿತಿರುವ ಬಹುತೇಕರಿಗೆ ಅದು ಇನ್ನೂ ದೂರದ ಮಾತು. ಯಂತ್ರ ಕೊಳ್ಳುವುದನ್ನು ಈ ಭಯಕ್ಕಾಗಿ ಮುಂದೂಡಬೇಡಿ.

ಜೆಮ್‌ನಲ್ಲಿ ಬಿಡ್ ತೆರೆದಾಗ ಮೊದಲ ಪುಟದ ಕೋಷ್ಟಕದಲ್ಲಿ ಒಂದು ಸಾಲಿರುತ್ತದೆ: ಅನುಭವದ ವರ್ಷಗಳು ಮತ್ತು ವಹಿವಾಟಿನಲ್ಲಿ ಸಣ್ಣ ಉದ್ದಿಮೆಗಳಿಗೆ ಸಡಿಲಿಕೆ ಇದೆಯೇ, ಇಲ್ಲವೇ ಎಂಬ ಸಾಲು. ಹೊಸ ಘಟಕದವರು ಮೊದಲು ಕಣ್ಣು ಹಾಯಿಸಬೇಕಾದದ್ದು ಅಲ್ಲಿಗೆ. ಇಲ್ಲ ಎಂದಿದ್ದು, ಕೇಳಿದಷ್ಟು ಅನುಭವ ನಿಮಗಿಲ್ಲದಿದ್ದರೆ ಆ ಬಿಡ್ಡನ್ನು ಅಲ್ಲಿಗೇ ಮುಚ್ಚಿ. ಬಿಟ್ಟುಕೊಡುವುದೂ ಈ ಕೆಲಸದಲ್ಲಿ ಒಂದು ಕೌಶಲವೇ. ತಿಂಗಳಿಗೆ ಇಪ್ಪತ್ತು ಟೆಂಡರ್ ಹಾಕಿ ಒಂದಾದರೂ ಬೀಳಲಿ ಎನ್ನುವವರಿಗಿಂತ, ತಮ್ಮ ಯಂತ್ರಕ್ಕೆ ಸರಿಹೊಂದುವ ಎರಡನ್ನು ಆರಿಸಿಕೊಂಡು ಅವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು ಬೇಗ ನೆಲೆ ನಿಲ್ಲುತ್ತಾರೆ.

ಓದುವುದು ಎಂದರೆ ಹೇಗೆ ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ನನಗೆ ಪರಿಚಯದ ಒಬ್ಬ ಮಹಿಳೆ ಹದಿನಾಲ್ಕು ಹೊಲಿಗೆ ಯಂತ್ರಗಳ ಘಟಕ ನಡೆಸುತ್ತಾರೆ. ವಿದ್ಯಾರ್ಥಿನಿಲಯಗಳಿಗೆ ಹಾಸುಹೊದಿಕೆ ಸರಬರಾಜಿನ ಟೆಂಡರ್‌ಗೆ ಅವರು ಬಿಡ್ ಹಾಕಿದ್ದರು. ಬಟ್ಟೆ ಚೆನ್ನಾಗಿತ್ತು, ಹೊಲಿಗೆ ಚೆನ್ನಾಗಿತ್ತು, ದರವೂ ಹೆಚ್ಚಿರಲಿಲ್ಲ. ತಿರಸ್ಕೃತವಾಯಿತು. ಅವರು ಬೇಸರದಿಂದ ನನ್ನ ಬಳಿ ಬಂದಾಗ ನಾವಿಬ್ಬರೂ ಅವರ ಕತ್ತರಿಸುವ ಮೇಜಿನ ಮೇಲೆಯೇ ಆ ದಾಖಲೆಯನ್ನು ಹರಡಿಕೊಂಡು ಕುಳಿತೆವು. ಪಕ್ಕದಲ್ಲಿ ಹಳದಿ ಅಂಚಿನ ಹೊದಿಕೆಗಳ ರಾಶಿ. ಮೇಲೆ ಬಿದ್ದ ನೂಲಿನ ತುಣುಕುಗಳನ್ನು ಅವರು ಮಾತಿನ ನಡುವೆ ಆರಿಸುತ್ತಲೇ ಇದ್ದರು. ಮೂವತ್ತನೆಯ ಪುಟದ ಆಸುಪಾಸಿನಲ್ಲಿ ಬಟ್ಟೆಯ ಚದರ ಮೀಟರ್ ತೂಕಕ್ಕೆ ಎನ್‌ಎಬಿಎಲ್ ಎಂಬ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಇರುವ ಪ್ರಯೋಗಾಲಯದ ಪರೀಕ್ಷಾ ವರದಿ ಬೇಕೆಂದಿತ್ತು. ಅವರು ಗಿರಣಿಯವರು ಕೊಟ್ಟ ವರದಿ ಲಗತ್ತಿಸಿದ್ದರು. ಅದಲ್ಲದೆ ಕೊನೆಯ ದಿನಾಂಕಕ್ಕೆ ಆರು ದಿನ ಮುಂಚೆ ತಾಣದಲ್ಲಿ ಪ್ರಕಟವಾದ ತಿದ್ದುಪಡಿಯಲ್ಲಿ ಅಳತೆಯೇ ಬದಲಾಗಿತ್ತು. ಅವರು ದಾಖಲೆಯನ್ನು ಮೊದಲ ದಿನವೇ ಇಳಿಸಿಕೊಂಡು ಮತ್ತೆ ತಾಣಕ್ಕೆ ಹೋಗಿರಲಿಲ್ಲ. ಎರಡೂ ತಪ್ಪುಗಳಿಗೂ ಬಟ್ಟೆಗೂ ಸಂಬಂಧವಿರಲಿಲ್ಲ.

ಮುಂದಿನ ವರ್ಷ ಅವರು ಏನು ಮಾಡಿದರೆಂಬುದು ನನಗೆ ಬಹಳ ಹಿಡಿಸಿತು. ಟೆಂಡರ್‌ನಲ್ಲಿ "ಸಲ್ಲಿಸತಕ್ಕದ್ದು", "ಲಗತ್ತಿಸತಕ್ಕದ್ದು", "ಹೊಂದಿರತಕ್ಕದ್ದು" ಎಂದು ಬಂದ ಪ್ರತಿ ವಾಕ್ಯದ ಕೆಳಗೂ ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್ ಪೆನ್ಸಿಲಿನಿಂದ ಗೆರೆ ಎಳೆದರು. ನಲವತ್ತೊಂದು ಗೆರೆಗಳಾದವು. ಒಂದು ನೋಟ್‌ಬುಕ್ಕಿನಲ್ಲಿ ಆ ನಲವತ್ತೊಂದನ್ನೂ ಬರೆದು, ಪ್ರತಿಯೊಂದರ ಮುಂದೆ ಯಾವ ಕಾಗದ, ಯಾರು ಕೊಡಬೇಕು, ಯಾವ ದಿನದೊಳಗೆ ಎಂದು ನಮೂದಿಸಿದರು. ಪರೀಕ್ಷಾ ವರದಿಗೆ ಹನ್ನೆರಡು ದಿನ ಹಿಡಿಯುತ್ತದೆಂದು ಅವರಿಗೆ ತಿಳಿದದ್ದು ಆಗಲೇ. ದಿನಕ್ಕೊಮ್ಮೆ ಬೆಳಿಗ್ಗೆ ತಾಣ ತೆರೆದು ತಿದ್ದುಪಡಿ ಬಂದಿದೆಯೇ ಎಂದು ನೋಡುವ ಕೆಲಸವನ್ನು ಕಾಲೇಜಿಗೆ ಹೋಗುವ ಮಗಳಿಗೆ ಒಪ್ಪಿಸಿದರು. ಆ ವರ್ಷ ಅವರ ಬಿಡ್ ತಾಂತ್ರಿಕ ಹಂತವನ್ನು ದಾಟಿತು, ದರದಲ್ಲಿ ಎರಡನೆಯ ಸ್ಥಾನಕ್ಕೆ ನಿಂತಿತು. ಅದರ ಮುಂದಿನ ವರ್ಷ ಆದೇಶ ಸಿಕ್ಕಿತು. ಎರಡು ವರ್ಷ ಹಿಡಿಯಿತೆಂಬುದನ್ನು ನಾನು ಬೇಕೆಂದೇ ಹೇಳುತ್ತಿದ್ದೇನೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ಆನ್‌ಲೈನ್ ಬಿಡ್‌ಗೆ ಸಹಿ ಹಾಕುವ ಸಾಧನ, ಅಂದರೆ ಡಿಜಿಟಲ್ ಸಹಿಯ ಟೋಕನ್, ನಿಮ್ಮ ಬಳಿ ಇರಲಿ. ಅದನ್ನು ಸೈಬರ್ ಕೇಂದ್ರದವರ ಕೈಯಲ್ಲಿ, ಪಾಸ್‌ವರ್ಡ್ ಸಮೇತ, ವರ್ಷಗಟ್ಟಲೆ ಬಿಟ್ಟಿರುವವರು ಎಷ್ಟೋ ಜನ. ಅದು ನಿಮ್ಮ ಸಹಿ. ಸಹಿ ಹಾಕಿದ ಖಾಲಿ ಚೆಕ್ ಪುಸ್ತಕವನ್ನು ನೀವು ಯಾರ ಅಂಗಡಿಯಲ್ಲಿಯೂ ಇಟ್ಟು ಬರುವುದಿಲ್ಲ. ಅದರ ಅವಧಿ ಮುಗಿಯುವ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಸಂಜೆ ಐದೂವರೆಗೆ ಕೊನೆಗೊಳ್ಳುವ ಬಿಡ್‌ಗೆ ಐದು ಗಂಟೆಗೆ ಕುಳಿತು, ಟೋಕನ್ನಿನ ಅವಧಿ ಹಿಂದಿನ ವಾರವೇ ಮುಗಿದಿದೆ ಎಂಬುದು ಪರದೆಯ ಮೇಲೆ ಕಂಡಾಗ ಒಬ್ಬ ಫೌಂಡ್ರಿ ಮಾಲೀಕರ ಮುಖ ಹೇಗಾಯಿತೆಂಬುದನ್ನು ನಾನು ಮರೆಯಲಾರೆ.

ಈಗ ಹಣದ ಮಾತಿಗೆ ಬರೋಣ. ಗುತ್ತಿಗೆ ಗೆಲ್ಲುವುದು ಅರ್ಧ ಕೆಲಸ ಮಾತ್ರ. ಗೆದ್ದ ಗುತ್ತಿಗೆಯಿಂದಲೇ ಮುಳುಗಿದ ಘಟಕಗಳಿವೆ. 10 ಲಕ್ಷ ರೂಪಾಯಿಯ ಒಂದು ಆದೇಶವನ್ನು ತೆಗೆದುಕೊಳ್ಳಿ. ಕಚ್ಚಾ ಸಾಮಗ್ರಿಗೆ 6 ಲಕ್ಷ. ನಿಮ್ಮ ಲಾಭ ಶೇ. 5, ಅಂದರೆ 50 ಸಾವಿರ ಎಂದು ಲೆಕ್ಕ ಹಾಕಿದ್ದೀರಿ. ಬಿಲ್ಲಿನ ಹಣ ನಾಲ್ಕು ತಿಂಗಳಿಗೆ ಬಂತೆನ್ನಿ. ವರ್ಷಕ್ಕೆ ಶೇ. 12ರ ಬಡ್ಡಿಯ ಓವರ್‌ಡ್ರಾಫ್ಟ್‌ನಿಂದ ಆ 6 ಲಕ್ಷ ತಂದಿದ್ದರೆ ಬಡ್ಡಿಯೇ 24 ಸಾವಿರ. ಲಾಭದ ಅರ್ಧ ಅಲ್ಲಿಗೇ ಕರಗಿತು. ಶೇ. 5ರ ಭದ್ರತಾ ಠೇವಣಿ ಕೇಳಿದ್ದರೆ 50 ಸಾವಿರ ವಾರಂಟಿ ಮುಗಿಯುವವರೆಗೆ ಸಿಕ್ಕಿಕೊಂಡಿರುತ್ತದೆ. ಜಿಎಸ್‌ಟಿ ಶೇ. 18 ಆದರೆ ನಿಮ್ಮ ಬಿಲ್ಲಿನ ಮೇಲೆ 1.80 ಲಕ್ಷ, ಸಾಮಗ್ರಿಯ ಮೇಲೆ ಕೊಟ್ಟ 1.08 ಲಕ್ಷ ಕಳೆದು 72 ಸಾವಿರವನ್ನು, ಇಲಾಖೆಯಿಂದ ಹಣ ಬಂದಿರಲಿ ಬಿಡಲಿ, ಮುಂದಿನ ತಿಂಗಳು ತುಂಬಬೇಕು. ಎರಡೂವರೆ ಲಕ್ಷ ಮೀರಿದ ಸರ್ಕಾರಿ ಗುತ್ತಿಗೆಗಳಲ್ಲಿ 2018ರ ಅಕ್ಟೋಬರ್‌ನಿಂದ ಶೇ. 2ರಷ್ಟನ್ನು ಜಿಎಸ್‌ಟಿ ಟಿಡಿಎಸ್ ಎಂದು ಬಿಲ್ಲಿನಿಂದಲೇ ಮುರಿದುಕೊಳ್ಳುತ್ತಾರೆ. ಅದು ನಿಮ್ಮದೇ ಹಣ, ನಿಮ್ಮ ಜಿಎಸ್‌ಟಿ ನಗದು ಖಾತೆಗೆ ಬರುತ್ತದೆ, ಆದರೆ ಇಲಾಖೆ ತನ್ನ ರಿಟರ್ನ್ ಸಲ್ಲಿಸಿದ ಮೇಲೆ. ಸರಬರಾಜು ತಡವಾದರೆ ಸಾಮಾನ್ಯವಾಗಿ ವಾರಕ್ಕೆ ಅರ್ಧ ಶೇಕಡಾದಂತೆ ವಿಳಂಬ ದಂಡ. ನಿಮ್ಮ ದರಪಟ್ಟಿಯಲ್ಲಿ ಉಕ್ಕಿನ ಬೆಲೆ ಇದೆ, ಕೂಲಿ ಇದೆ, ಸಾಗಣೆ ಇದೆ. ಕಾಯುವ ತಿಂಗಳುಗಳ ಬೆಲೆ ಇದೆಯೇ ಎಂಬುದನ್ನು ನೋಡಿ. ಇಲ್ಲವಾದರೆ ಅದು ಪೂರ್ಣ ದರವಲ್ಲ.

ಬಾಕಿಯ ವಿಷಯದಲ್ಲಿ ಕಾನೂನು ನಿಮ್ಮ ಪರವಾಗಿ ಗಟ್ಟಿಯಾಗಿಯೇ ನಿಂತಿದೆ. ಅದೇ 2006ರ ಕಾಯ್ದೆಯ ಪ್ರಕಾರ, ಒಪ್ಪಂದದಲ್ಲಿ ಏನೇ ಬರೆದಿದ್ದರೂ ನಿಮ್ಮ ಹಣ ಕೊಡಲು 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. 2017ರಲ್ಲಿ ಆರಂಭವಾದ ಸಮಾಧಾನ್ ತಾಣದಲ್ಲಿ ದೂರು ದಾಖಲಿಸಿದರೆ ಅದು ಬಾಕಿಯ ವಿವಾದ ತೀರ್ಮಾನಿಸುವ ಸೌಲಭ್ಯ ಮಂಡಳಿಯ ಮುಂದೆ ಹೋಗುತ್ತದೆ. ಮಂಡಳಿಯ ತೀರ್ಪನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬೇಕಾದರೆ ಕೊಳ್ಳುವವರು ಮೊದಲು ಶೇ. 75ರಷ್ಟು ಹಣ ಠೇವಣಿ ಇಡಬೇಕು. ಆದರೆ ಒಪ್ಪಂದದ ದಿನಕ್ಕೆ ನೀವು ನೋಂದಾಯಿತ ಉದ್ದಿಮೆಯಾಗಿರಬೇಕೆಂದು ಸುಪ್ರೀಂ ಕೋರ್ಟ್ 2022ರ ತೀರ್ಪೊಂದರಲ್ಲಿ ಹೇಳಿದೆ. ಬಾಕಿ ಬಿದ್ದ ಮೇಲೆ ಉದ್ಯಮ್ ನೋಂದಣಿಗೆ ಓಡುವವರು ಇದನ್ನು ಗಮನಿಸಬೇಕು. ನೋಂದಣಿಗೆ ಶುಲ್ಕವಿಲ್ಲ, ಶುಲ್ಕ ಕೇಳುವ ಮಧ್ಯವರ್ತಿಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಇಷ್ಟಿದ್ದರೂ ದೂರು ಕೊಡಲು ಯಾರೂ ಮುಂದೆ ಬರುವುದಿಲ್ಲ ಎಂಬುದು ನನಗೆ ಗೊತ್ತು. ದೂರು ಕೊಟ್ಟರೆ ಮುಂದಿನ ಆದೇಶ ತಪ್ಪುತ್ತದೆ ಎಂಬ ಭಯ ಸುಳ್ಳಲ್ಲ. ಅದಕ್ಕೇ ದೂರಿನ ಹಂತಕ್ಕೆ ಹೋಗದ ದಾರಿಯನ್ನು ಮೊದಲು ಹಿಡಿಯಿರಿ ಎನ್ನುತ್ತೇನೆ. ಕೇಂದ್ರದ ಸಾರ್ವಜನಿಕ ಉದ್ದಿಮೆಗಳು ಟ್ರೆಡ್ಸ್ ಎಂಬ, ಬಿಲ್ಲಿನ ಮೇಲೆ ಮುಂಚಿತವಾಗಿ ಹಣ ಕೊಡಿಸುವ ಆನ್‌ಲೈನ್ ವೇದಿಕೆಯಲ್ಲಿವೆ. ಅವರು ನಿಮ್ಮ ಬಿಲ್ಲನ್ನು ಅಲ್ಲಿ ಒಪ್ಪಿಕೊಂಡರೆ ಬ್ಯಾಂಕುಗಳು ಅದರ ಮೇಲೆ ಹರಾಜು ಕೂಗಿ ನಿಮಗೆ ಕೆಲವೇ ದಿನಗಳಲ್ಲಿ ಹಣ ಕೊಡುತ್ತವೆ. ಆಮೇಲೆ ಬ್ಯಾಂಕಿಗೆ ಕೊಡಬೇಕಾದವರು ಕೊಂಡವರೇ. ಬಿಡ್‌ಪೂರ್ವ ಸಭೆಯಲ್ಲಿಯೇ, ಟ್ರೆಡ್ಸ್ ಮೂಲಕ ಬಿಲ್ ಒಪ್ಪುತ್ತೀರಾ ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿಕೊಳ್ಳಿ. ರಾಜ್ಯದ ಟೆಂಡರ್‌ಗಳಲ್ಲಿ ನಿಮ್ಮನ್ನು ತಪ್ಪಾಗಿ ಕೈಬಿಡಲಾಗಿದೆ ಎನಿಸಿದರೆ ಕೆಟಿಪಿಪಿ ಕಾಯ್ದೆಯ 16ನೆಯ ಪ್ರಕರಣದಲ್ಲಿ ಮೇಲ್ಮನವಿಗೆ ಅವಕಾಶವಿದೆ, ಅವಧಿ 30 ದಿನ. ಆ ಮೂವತ್ತು ದಿನಗಳನ್ನು ಕೋಪದಲ್ಲಿ ಕಳೆಯದೆ ಕಾಗದದಲ್ಲಿ ಕಳೆಯಿರಿ.

ಖರೀದಿ ವಿಭಾಗದ ಅಧಿಕಾರಿಗಳೂ ಇಲ್ಲಿ ಬಂದಿದ್ದಾರೆ. ಅವರಲ್ಲಿ ನನ್ನದೊಂದು ವಿನಂತಿ ಇದೆ. ಎಂಟು ಬಗೆಯ ವಸ್ತುಗಳನ್ನು ಒಂದೇ ಕಟ್ಟಾಗಿ ಕಟ್ಟಿ ಟೆಂಡರ್ ಕರೆದಾಗ, ಆ ಎಂಟರಲ್ಲಿ ಆರನ್ನು ಚೆನ್ನಾಗಿ ಮಾಡಬಲ್ಲ ಘಟಕ ಉಳಿದ ಎರಡಕ್ಕಾಗಿ ಹೊರಗುಳಿಯುತ್ತದೆ. ಖರೀದಿಯನ್ನು ಒಡೆಯುವುದಕ್ಕೆ ನಿಯಮ ಅಡ್ಡ ಬರುತ್ತದೆ ಎನ್ನುತ್ತೀರಿ. ಮಂಜೂರಾತಿ ತಪ್ಪಿಸಲು ಒಡೆಯುವುದಕ್ಕೆ ಅಡ್ಡಿಯೇ ಹೊರತು, ಒಂದೇ ಟೆಂಡರ್‌ನಲ್ಲಿ ವಸ್ತುವಾರು ಬಿಡ್ ಹಾಕಲು, ವಸ್ತುವಾರು ಆದೇಶ ಕೊಡಲು ಅಡ್ಡಿಯಿಲ್ಲ. 20 ಲಕ್ಷದ ಖರೀದಿಗೆ 5 ಕೋಟಿಯ ವಾರ್ಷಿಕ ವಹಿವಾಟು ಕೇಳುವ ಷರತ್ತನ್ನು ಹಿಂದಿನ ಯಾವುದೋ ಟೆಂಡರ್‌ನಿಂದ ನಕಲು ಮಾಡಿದ್ದೆಂದು ನಾನೇ ಎಷ್ಟೋ ಬಾರಿ ಕಂಡಿದ್ದೇನೆ. ಖರೀದಿ ವಿಭಾಗದಲ್ಲಿದ್ದಾಗ ನಾನೂ ಹಾಗೆ ನಕಲು ಮಾಡಿದ್ದೇನೆ, ಅದರಿಂದ ಯಾರು ಹೊರಗುಳಿದರೆಂದು ಆಗ ಯೋಚಿಸಿರಲಿಲ್ಲ.

ಷರತ್ತುಗಳನ್ನು ಸರಿಪಡಿಸಲು ಕೆಲವೊಮ್ಮೆ ಒಂದು ಪ್ರಶ್ನೆ ಸಾಕಾಗುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಬಿಡ್‌ಪೂರ್ವ ಸಭೆಗೆ ಬೆಳಗಾವಿಯ ಉದ್ಯಮಬಾಗಿನಿಂದ ಒಬ್ಬ ಫೌಂಡ್ರಿ ಮಾಲೀಕರನ್ನು ಕರೆದುಕೊಂಡು ಹೋಗಿದ್ದೆ. ಟೆಂಡರ್‌ನಲ್ಲಿ ಒಂದು ಎರಕದ ಭಾಗಕ್ಕೆ ನಿರ್ದಿಷ್ಟ ತಯಾರಕರೊಬ್ಬರ ಹೆಸರನ್ನೇ ನಮೂದಿಸಿದ್ದರು. ದೊಡ್ಡ ಮೇಜಿನ ಸುತ್ತ ಕುಳಿತವರ ನಡುವೆ ಮಾತನಾಡಲು ಅವರು ಬಹಳ ಹಿಂಜರಿದರು. ಕೊನೆಗೆ ಎದ್ದು ನಿಂತು, ಜೇಬಿನಲ್ಲಿ ಮಡಚಿ ತಂದಿದ್ದ ಚೀಟಿ ಬಿಡಿಸಿ, ಆ ಭಾಗಕ್ಕೆ ಬೇಕಾದ ಗಡಸುತನ ಎಷ್ಟು, ಎಳೆತ ಸಾಮರ್ಥ್ಯ ಎಷ್ಟು ಎಂದಷ್ಟೇ ಕೇಳಿದರು. ಕಾರ್ಯಪಾಲಕ ಎಂಜಿನಿಯರ್ ತಮ್ಮ ಕಡತ ತಿರುವಿ ಹಾಕಿ, ಅದು ನಮ್ಮ ನಿರ್ದಿಷ್ಟತೆಯಲ್ಲಿ ಇರಬೇಕಾಗಿತ್ತು ಎಂದರು. ಎಂಟನೆಯ ದಿನ ತಾಣದಲ್ಲಿ ತಿದ್ದುಪಡಿ ಬಂತು: ತಯಾರಕರ ಹೆಸರು ಹೋಗಿ, ಆ ಜಾಗದಲ್ಲಿ ಎರಡು ಸಂಖ್ಯೆಗಳು ಬಂದಿದ್ದವು. ಹಿಂದಿನ ವರ್ಷ ಎರಡೇ ಬಿಡ್ ಬಂದಿದ್ದ ಆ ವಸ್ತುವಿಗೆ ಆ ಸಲ ಏಳು ಬಂದವು.